ಮಹಡಿಯ ಕೋಣೆಗೆ ವೈಫೈ: ಹಳೆಯ ರೂಟರ್‌ಗಳಿಂದ ಎಷ್ಟು ಸಾಧ್ಯ?

ಪ್ರಶ್ನೆ: ನಮ್ಮದು ಎರಡಂತಸ್ತಿನ ಮನೆ. ಇಂಟರ್‌ನೆಟ್ ಕಂಪನಿಯವರು ಕೊಟ್ಟ ರೂಟರ್ ಕೆಳಗೆ ಮುಂದಿನ ಕೋಣೆಯಲ್ಲಿದೆ. ಮಹಡಿಯ ಹಿಂಬದಿ ಕೋಣೆಯಲ್ಲಿ ಸಿಗ್ನಲ್ ಬಹಳ ದುರ್ಬಲ. ಅಲ್ಲಿರುವ ಡೆಸ್ಕ್‌ಟಾಪ್‌ಗೆ ವೈಫೈ ಸೌಲಭ್ಯವಿಲ್ಲ, ಕೇಬಲ್ ಮಾತ್ರ ಸಿಕ್ಕಿಸಬಹುದು. ನನ್ನ ಬಳಿ ಎರಡು ಹಳೆಯ ರೂಟರ್‌ಗಳಿವೆ. ಒಂದರಲ್ಲಿ 2.4 ಗಿಗಾಹರ್ಟ್ಸ್ ಮಾತ್ರ ಇದೆ, ಇನ್ನೊಂದರಲ್ಲಿ 5 ಗಿಗಾಹರ್ಟ್ಸ್ ಕೂಡ ಇದೆ. ಎರಡನೆಯದನ್ನು ಆ ಕೋಣೆಯಲ್ಲೇ ಇಟ್ಟು ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಹರಡುವ ಸಾಧನ) ಮಾಡಿ ನೋಡಿದೆ. ಮೊಬೈಲ್‌ನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿದವು, ವೇಗ ಮಾತ್ರ ಏರಲಿಲ್ಲ. ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪ್‌ಗೆ ಕಾಣಿಸುವುದಿಲ್ಲ. ಒಮ್ಮೊಮ್ಮೆ ಇಂಟರ್‌ನೆಟ್ ನಿಂತೇ ಹೋಗುತ್ತದೆ. ಈ ರೂಟರ್‌ಗಳನ್ನು ಸೇತುವೆಯಾಗಿ ಬಳಸಬಹುದೇ, ಇಲ್ಲ ಕೈಬಿಡಬೇಕೇ?

ಉತ್ತರ: ಕೈಬಿಡಬೇಡಿ. ನೀವು ಹೇಳಿದ ಸಾಮಗ್ರಿಯಲ್ಲೇ ಆ ಕೋಣೆಗೆ ಕೆಲಸಕ್ಕಾಗುವ ಸಂಪರ್ಕ ಕೊಡಬಹುದು. ಆದರೆ ನಿಮ್ಮ ಮೂರು ತೊಂದರೆಗಳ ಮೂಲ ಒಂದೇ ಅಲ್ಲ. ವೇಗ ಏರದಿರುವುದಕ್ಕೆ ಕಾರಣ ರೂಟರ್ ಇಟ್ಟಿರುವ ಜಾಗ. ಪ್ರಿಂಟರ್ ಕಾಣದಿರುವುದಕ್ಕೂ ಇಂಟರ್‌ನೆಟ್ ನಿಲ್ಲುವುದಕ್ಕೂ ಕಾರಣ, ಆ ಹಳೆಯ ರೂಟರ್ ಇನ್ನೂ ರೂಟರಿನ ಕೆಲಸವನ್ನು ಬಿಟ್ಟಿಲ್ಲ ಎಂಬುದು. ಮನೆಯಲ್ಲಿ ರೂಟರ್ ಒಂದೇ ಇರಬೇಕು. ಉಳಿದವು ನಾಲ್ಕು ಪೋರ್ಟ್ ಮತ್ತು ಒಂದು ರೇಡಿಯೋ ಇರುವ ಪೆಟ್ಟಿಗೆಗಳಾಗಿ ಸುಮ್ಮನಿರಬೇಕು. ಇದನ್ನು ಸರಿಪಡಿಸದೆ ಸಿಗ್ನಲ್ಲಿನ ಕಡೆ ಹೋದರೆ ಎಷ್ಟು ಹೊತ್ತು ವ್ಯಯಿಸಿದರೂ ಫಲ ಸಿಗದು. ಆದ್ದರಿಂದ ಅಲ್ಲಿಂದಲೇ ಹೊರಡೋಣ.

ರೂಟರ್ ತನ್ನ ಹಿಂದಿರುವ ಯಂತ್ರಗಳಿಗೆ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಹಂಚುತ್ತದೆ; ಈ ಹಂಚಿಕೆಯ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಹಳೆಯ ರೂಟರ್ ತನ್ನದೇ ಪ್ರತ್ಯೇಕ ಜಾಲ ಕಟ್ಟಿಕೊಂಡಿದ್ದರೆ ಕೆಳಗಿನ ಪ್ರಿಂಟರ್ 192.168.1 ಸಾಲಿನಲ್ಲಿ, ಮೇಲಿನ ಲ್ಯಾಪ್‌ಟಾಪ್ 192.168.0 ಸಾಲಿನಲ್ಲಿ ಇರುತ್ತವೆ. ಆಗ ಪ್ರಿಂಟರಿನ ವಿಳಾಸವನ್ನು ನೀವೇ ಟೈಪಿಸಿದರೆ ಮುದ್ರಣ ಆಗಲೂಬಹುದು, ಆದರೆ ಲ್ಯಾಪ್‌ಟಾಪ್ ತಾನಾಗಿ ಅದನ್ನು ಹುಡುಕಿಕೊಳ್ಳದು. ‘ಇಲ್ಲಿ ಪ್ರಿಂಟರ್ ಯಾರಿದ್ದೀರಿ’ ಎಂದು ಎಲ್ಲರಿಗೂ ಕೇಳುವಂತೆ ಕೂಗುವ ಸಂದೇಶ ರೂಟರನ್ನು ದಾಟುವುದಿಲ್ಲ. ಇನ್ನು ಎರಡೂ ರೂಟರ್‌ಗಳು 192.168.1.1 ಎಂಬ ಒಂದೇ ವಿಳಾಸದಲ್ಲಿ ಕುಳಿತಿದ್ದರೆ ತೊಂದರೆ ಇನ್ನೂ ದೊಡ್ಡದು. ಇಂಟರ್‌ನೆಟ್ಟಿಗೆ ಹೊರಟ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎತ್ತ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ದಾರಿ ತಪ್ಪಿಸುವ ತೊಂದರೆ ಒಂದೇ ಜಾಲದಲ್ಲಿ ಇಬ್ಬರು ವಿಳಾಸ ಹಂಚುವುದು. ಮೊಬೈಲ್ ವಿಳಾಸ ಕೇಳಿದಾಗ ಯಾರ ಉತ್ತರ ಮೊದಲು ಬಂತೋ ಅದನ್ನೇ ಹಿಡಿಯುತ್ತದೆ. ಹಾಗಾಗಿ ಒಂದು ಮೊಬೈಲ್ ಸರಿಯಾಗಿರುತ್ತದೆ, ಪಕ್ಕದ್ದು ಕೆಟ್ಟಿರುತ್ತದೆ. ವಿಳಾಸದ ಅವಧಿ ಮುಗಿದು ಹೊಸದು ಸಿಕ್ಕಾಗ ಸರಿಯಿದ್ದದ್ದೂ ಕೆಡುತ್ತದೆ. ಇದನ್ನು ಪತ್ತೆ ಹಚ್ಚುವುದು ಸುಲಭ. ಇಂಟರ್‌ನೆಟ್ ನಿಂತ ಮೊಬೈಲ್‌ನಲ್ಲಿ ಆ ವೈಫೈ ಹೆಸರಿನ ವಿವರ ತೆರೆದು ‘ಗೇಟ್‌ವೇ’ ಎಂಬ ಸಾಲನ್ನು ನೋಡಿ. ಅಲ್ಲಿ ಮುಖ್ಯ ರೂಟರಿನ ವಿಳಾಸ ಇಲ್ಲದಿದ್ದರೆ ಅಪರಾಧಿ ಸಿಕ್ಕಿದಂತೆಯೇ.

ಈಗ ಸರಿಪಡಿಸುವ ಕ್ರಮ. ಹಳೆಯ ರೂಟರಿನ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದು ಕಾರ್ಖಾನೆಯ ಸ್ಥಿತಿಗೆ ತನ್ನಿ. ಬೇರೆ ಯಾವ ಜಾಲಕ್ಕೂ ಸೇರಿಸದೆ, ಒಂದು ಕಂಪ್ಯೂಟರಿನಿಂದ ಅದರ ಲ್ಯಾನ್ ಪೋರ್ಟಿಗೆ (ಮನೆಯ ಯಂತ್ರಗಳನ್ನು ಸೇರಿಸುವ ಕಿಂಡಿಗೆ) ನೇರವಾಗಿ ಕೇಬಲ್ ಹಾಕಿ. ಮೊದಲು ರೂಟರಿನ ಸ್ವಂತ ವಿಳಾಸ ಬದಲಿಸಿ: ಮುಖ್ಯ ರೂಟರ್ 192.168.1.1 ಆಗಿದ್ದರೆ ಇದಕ್ಕೆ 192.168.1.2 ಕೊಡಿ. ಮುಖ್ಯ ರೂಟರ್ ಹಂಚುವ ವಿಳಾಸಗಳ ಪಟ್ಟಿಯಲ್ಲಿ ಈ ಸಂಖ್ಯೆ ಬರದಂತೆ ನೋಡಿಕೊಳ್ಳಿ. ‘ಸೇವ್’ ಒತ್ತಿದ ಕೂಡಲೇ ಪುಟ ಸುತ್ತುತ್ತ ನಿಂತುಬಿಡುತ್ತದೆ. ರೂಟರ್ ಕೆಟ್ಟಿತೆಂದು ಹಲವರು ಇಲ್ಲೇ ಮತ್ತೆ ರೀಸೆಟ್ ಮಾಡುತ್ತಾರೆ. ಏನೂ ಕೆಟ್ಟಿಲ್ಲ, ಅದು ಹೊಸ ವಿಳಾಸಕ್ಕೆ ಹೋಗಿದೆ, ಅಷ್ಟೇ. ಕೇಬಲ್ ಒಮ್ಮೆ ತೆಗೆದು ಹಾಕಿ, ಬ್ರೌಸರಿನಲ್ಲಿ ಹೊಸ ವಿಳಾಸ ಟೈಪಿಸಿ ಒಳಗೆ ಹೋಗಿ, ಆಮೇಲೆ ಡಿಎಚ್‌ಸಿಪಿ ನಿಲ್ಲಿಸಿ. ಈ ಎರಡರ ಕ್ರಮ ಅದಲುಬದಲು ಮಾಡಬೇಡಿ. ಡಿಎಚ್‌ಸಿಪಿ ನಿಂತ ಮೇಲೆ ನಿಮ್ಮ ಕಂಪ್ಯೂಟರಿಗೆ ವಿಳಾಸ ಕೊಡುವವರು ಇರುವುದಿಲ್ಲ; ಮತ್ತೆ ಒಳಹೋಗಬೇಕಾದರೆ ಕಂಪ್ಯೂಟರಿಗೆ ಕೈಯಾರೆ 192.168.1.50ರಂಥ ವಿಳಾಸ ಕೊಡಬೇಕಾಗುತ್ತದೆ. ಕೊನೆಗೆ ಹೊಸ ವಿಳಾಸವನ್ನು ಚೀಟಿಯಲ್ಲಿ ಬರೆದು ರೂಟರಿನ ತಳಕ್ಕೆ ಅಂಟಿಸಿ. ಮುಂದೆ ಏನಾದರೂ ಬದಲಿಸಬೇಕಾದಾಗ ಆ ಚೀಟಿಯ ಬೆಲೆ ತಿಳಿಯುತ್ತದೆ.

ಕೆಳಗಿನಿಂದ ಮಹಡಿಗೆ ಒಂದು ಕೇಬಲ್ ಎಳೆಯಲು ಹೇಗಾದರೂ ಸಾಧ್ಯವಿದ್ದರೆ ಮಾತು ಇಲ್ಲಿಗೇ ಮುಗಿಯುತ್ತದೆ. ಕ್ಯಾಟ್ 5ಇ ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುತ್ತದೆ. ಕೇಬಲಿನ ಎರಡೂ ತುದಿಗಳನ್ನು ಲ್ಯಾನ್ ಪೋರ್ಟುಗಳಿಗೇ ಹಾಕಿ, ಹಳೆಯ ರೂಟರಿನ ವ್ಯಾನ್ (ಇಂಟರ್‌ನೆಟ್ ಸಂಪರ್ಕದ) ಪೋರ್ಟನ್ನು ಖಾಲಿ ಬಿಡಿ. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಮುಖ್ಯ ರೂಟರಿನಂತೆಯೇ ಇರಲಿ, ಚಾನೆಲ್ ಮಾತ್ರ ಬೇರೆ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11ರ ಪೈಕಿಯೇ ಆರಿಸಿ, ಏಕೆಂದರೆ ನಡುವಿನ ಚಾನೆಲ್‌ಗಳು ಎರಡೂ ಪಕ್ಕದವರನ್ನು ಕೆಡಿಸುತ್ತವೆ. ಹಳೆಯ ರೂಟರಿನ ಪೋರ್ಟುಗಳು 100 ಎಂಬಿಪಿಎಸ್‌ನವಾದರೆ ಕೈಗೆ ಸಿಗುವುದು 94ರ ಆಸುಪಾಸು. ನಿಮ್ಮ ಡೆಸ್ಕ್‌ಟಾಪಿಗೆ ಅದು ಧಾರಾಳ. ಗೋಡೆ ಕೊರೆಯಲು ಮನಸ್ಸಿಲ್ಲದಿದ್ದರೆ ಮೆಟ್ಟಿಲಿನ ಅಂಚಿನಲ್ಲೋ ಕಿಟಕಿಯ ಹೊರಗಿನಿಂದಲೋ ಹೋಗಬಹುದೇ ಎಂದು ಮತ್ತೊಮ್ಮೆ ನೋಡಿ. ನಿಸ್ತಂತು ಸೇತುವೆ ಕಟ್ಟುವ ಶ್ರಮದ ಅರ್ಧವನ್ನಾದರೂ ಈ ಹುಡುಕಾಟಕ್ಕೆ ಕೊಡುವುದು ಯೋಗ್ಯ ಎಂದೇ ನನ್ನ ಅಭಿಪ್ರಾಯ.

ಕೇಬಲ್ ಸಾಧ್ಯವೇ ಇಲ್ಲ ಎಂದಾದರೆ ನಿಸ್ತಂತು ಸೇತುವೆ. ಇದು ಕೆಲವು ಮನೆಗಳಲ್ಲಿ ಏಕೆ ಮೊದಲ ಯತ್ನಕ್ಕೇ ನಡೆಯುತ್ತದೆ, ಕೆಲವೆಡೆ ಏಕೆ ಹಟ ಹಿಡಿಯುತ್ತದೆ ಎಂಬುದಕ್ಕೆ ಸ್ಪಷ್ಟ ಕಾರಣವಿದೆ. ಸಾಮಾನ್ಯ ವೈಫೈ ಸಾಧನ ಮುಖ್ಯ ರೂಟರಿಗೆ ಕಳಿಸುವ ಪ್ರತಿ ಪ್ಯಾಕೆಟ್ಟಿನಲ್ಲಿ ಮೂರು ವಿಳಾಸಗಳು (ಐಪಿ ವಿಳಾಸಗಳಲ್ಲ, ಯಂತ್ರಗಳ ಸ್ವಂತ ಗುರುತಿನ ಸಂಖ್ಯೆಗಳು) ಇರುತ್ತವೆ: ಕಳಿಸುವ ರೇಡಿಯೋದ್ದು, ಕೇಳಿಸಿಕೊಳ್ಳುವ ರೂಟರಿನದು, ಕೊನೆಗೆ ತಲುಪಬೇಕಾದ ಯಂತ್ರದ್ದು. ಕಳಿಸಿದ ರೇಡಿಯೋವೇ ಮೂಲ ಎಂದು ಮುಖ್ಯ ರೂಟರ್ ನಂಬುತ್ತದೆ. ಮೊಬೈಲಿಗೆ ಇದು ಸಾಕು. ಆದರೆ ನಿಮ್ಮ ಹಳೆಯ ರೂಟರ್ ಸೇತುವೆಯಾಗಿ ನಿಂತಾಗ ಅದರ ಹಿಂದೆ ಡೆಸ್ಕ್‌ಟಾಪ್ ಇದೆ, ಇನ್ನೆರಡು ಮೊಬೈಲ್‌ಗಳಿವೆ. ಅವುಗಳ ವಿಳಾಸ ಬರೆಯಲು ಪ್ಯಾಕೆಟ್ಟಿನಲ್ಲಿ ಜಾಗವೇ ಇಲ್ಲ. ಗುರುತಿಲ್ಲದ ವಿಳಾಸಕ್ಕೆ ಮುಖ್ಯ ರೂಟರ್ ಏನನ್ನೂ ಕಳಿಸುವುದಿಲ್ಲ.

ಇದಕ್ಕೆ ನೇರ ಪರಿಹಾರ ನಾಲ್ಕನೆಯ ವಿಳಾಸಕ್ಕೂ ಜಾಗವಿರುವ ಪ್ಯಾಕೆಟ್. ಸೆಟ್ಟಿಂಗ್ ಪುಟಗಳಲ್ಲಿ ಇದು ಡಬ್ಲ್ಯೂಡಿಎಸ್ ಎಂಬ ಹೆಸರಿನಲ್ಲಿ ಕಾಣಿಸುತ್ತದೆ. ಎರಡೂ ತುದಿಗಳಲ್ಲಿ ಇದು ಇದ್ದರೆ ಸೇತುವೆ ನಿಜಕ್ಕೂ ಕೇಬಲಿನಂತೆ ವರ್ತಿಸುತ್ತದೆ: ಪ್ರಿಂಟರ್ ಕಾಣುತ್ತದೆ, ವಿಳಾಸಗಳೆಲ್ಲ ಮುಖ್ಯ ರೂಟರಿನಿಂದಲೇ ಬರುತ್ತವೆ. ತೊಡಕೆಂದರೆ, ಇದನ್ನು ಹೇಗೆ ಅಳವಡಿಸಬೇಕೆಂಬುದರಲ್ಲಿ ತಯಾರಕರೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ಚಿಪ್ಪಿನ ರೂಟರ್‌ಗಳು ಪರಸ್ಪರ ಹೊಂದದೇ ಹೋಗುವುದು ಬಹಳ ಸಾಮಾನ್ಯ. ಇಂಟರ್‌ನೆಟ್ ಕಂಪನಿ ಕೊಟ್ಟ ರೂಟರಿನಲ್ಲಂತೂ ಈ ಆಯ್ಕೆ ಹೆಚ್ಚಾಗಿ ಸಿಗುವುದಿಲ್ಲ.

ಎರಡನೆಯ ದಾರಿ, ಹಳೆಯ ರೂಟರ್ ತನ್ನ ಹಿಂದಿನ ಯಂತ್ರಗಳ ವಿಳಾಸ ಮುಚ್ಚಿ ಎಲ್ಲವನ್ನೂ ತನ್ನದೇ ಹೆಸರಿನಲ್ಲಿ ಕಳಿಸುವುದು. ‘ಕ್ಲೈಂಟ್ ಬ್ರಿಡ್ಜ್’ ಎಂದೋ ‘ಯೂನಿವರ್ಸಲ್ ರಿಪೀಟರ್’ ಎಂದೋ ಇರುವ ಆಯ್ಕೆಗಳು ಬಹುಮಟ್ಟಿಗೆ ಹೀಗೆ ಕೆಲಸ ಮಾಡುತ್ತವೆ. ಮುಖ್ಯ ರೂಟರ್ ಯಾವುದೇ ಇರಲಿ, ಇದು ನಡೆಯುವ ಸಂಭವ ಹೆಚ್ಚು. ಒಮ್ಮೊಮ್ಮೆ ಹಿಂದಿನ ಯಂತ್ರಕ್ಕೆ ವಿಳಾಸ ಸಿಗದೆ ಪರದಾಡುತ್ತದೆ. ಆಗ ಡೆಸ್ಕ್‌ಟಾಪಿಗೆ ಕೈಯಾರೆ ಒಂದು ಸ್ಥಿರ ವಿಳಾಸ ಕೊಟ್ಟರೆ ಸರಿಹೋಗುತ್ತದೆ. ಮೂರನೆಯದು ಡಬ್ಲ್ಯೂಐಎಸ್‌ಪಿ ಎಂಬ ಆಯ್ಕೆ. ಇದರಲ್ಲಿ ಹಳೆಯ ರೂಟರ್ ರೂಟರಾಗಿಯೇ ಉಳಿದು ತನ್ನದೇ ಜಾಲ ಕಟ್ಟುತ್ತದೆ. ಇದು ಬಹಳ ಮಟ್ಟಿಗೆ ನಡೆದೇ ನಡೆಯುತ್ತದೆ, ಆದರೆ ಪ್ರಿಂಟರಿನ ಆಸೆ ಬಿಡಬೇಕು. ನೀವು ಈಗ ಸಿಕ್ಕಿಕೊಂಡಿರುವುದು ಬಹುಶಃ ಇದರಲ್ಲೇ. ಬೇರೆರಡೂ ಕೈಕೊಟ್ಟರೆ ಮಾತ್ರ ಇದಕ್ಕೆ ಬನ್ನಿ. ಬಂದರೆ ಅದರ ಒಳಜಾಲದ ಸಂಖ್ಯೆ ಮುಖ್ಯ ಜಾಲದ ಸಂಖ್ಯೆಗಿಂತ ಬೇರೆ ಇರಲಿ, ಮೇಲೆ ಹೇಳಿದಂತೆ ಡಿಎಚ್‌ಸಿಪಿ ನಿಲ್ಲಿಸುವ ಕೆಲಸವನ್ನೂ ಮಾಡಬೇಡಿ.

ಇನ್ನು ವೇಗದ ವಿಚಾರ. ಒಂದು ಚಾನೆಲಿನಲ್ಲಿ ಒಂದು ಕ್ಷಣಕ್ಕೆ ಒಬ್ಬರೇ ಮಾತನಾಡಬಹುದು. ರಿಪೀಟರ್ ಒಂದೇ ರೇಡಿಯೋದಿಂದ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಿದರೆ ಪ್ರತಿ ಪ್ಯಾಕೆಟ್ ಗಾಳಿಯಲ್ಲಿ ಎರಡು ಸಲ ಸಾಗುತ್ತದೆ, ವೇಗ ಅರ್ಧಕ್ಕಿಳಿಯುತ್ತದೆ. ಆ ರಿಪೀಟರಿಗೆ ಇನ್ನೊಂದು ರಿಪೀಟರ್ ಜೋಡಿಸಿದರೆ ಉಳಿದದ್ದೂ ಮತ್ತೆ ಕರಗುತ್ತದೆ. ಹಾಗಾಗಿ ನಿಮ್ಮ ಎರಡು ಹಳೆಯ ರೂಟರ್‌ಗಳನ್ನು ಒಂದರ ಹಿಂದೆ ಒಂದರಂತೆ ಸರಪಳಿ ಮಾಡಬೇಡಿ. ಎರಡು ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್) ಇರುವುದನ್ನು ಮಾತ್ರ ಸೇತುವೆಗೆ ತೆಗೆದುಕೊಂಡು, ಮುಖ್ಯ ರೂಟರಿನೊಂದಿಗೆ ಒಂದು ಬ್ಯಾಂಡ್, ಕೋಣೆಗೆ ಇನ್ನೊಂದು ಬ್ಯಾಂಡ್ ಎಂದು ಹಂಚಿ. ಆಗ ಆ ಅರ್ಧದ ನಷ್ಟವಿಲ್ಲ. ಕೇಬಲಿನಲ್ಲಿ ಕುಳಿತ ಡೆಸ್ಕ್‌ಟಾಪಿಗಂತೂ ಎರಡನೆಯ ಸಲದ ಗಾಳಿಯ ಪ್ರಯಾಣವೇ ಇರುವುದಿಲ್ಲ.

ಸಂಪರ್ಕಕ್ಕೆ 5 ಗಿಗಾಹರ್ಟ್ಸ್ ಇಡಬೇಕೋ 2.4 ಇಡಬೇಕೋ ಎಂಬುದನ್ನು ನಿಮ್ಮ ಮನೆಯ ಛಾವಣಿ ತೀರ್ಮಾನಿಸುತ್ತದೆ. ಮೊದಲು 5 ಪ್ರಯತ್ನಿಸಿ, ಅಲ್ಲಿ ವೇಗವೂ ಹೆಚ್ಚು, ಗದ್ದಲವೂ ಕಡಿಮೆ. ಕಾಂಕ್ರೀಟ್ ಚಪ್ಪಡಿ ಅದನ್ನು ನುಂಗಿದರೆ ಮಾತ್ರ 2.4ಕ್ಕೆ ಇಳಿಯಿರಿ. ರೂಟರ್ ಪೆಟ್ಟಿಗೆಯ ಮೇಲೆ 300 ಎಂಬಿಪಿಎಸ್ ಎಂದಿರುವುದು 40 ಮೆಗಾಹರ್ಟ್ಸ್ ಅಗಲದ ಚಾನೆಲ್ ಬಳಸಿದಾಗಿನ ಲೆಕ್ಕ. ಅಕ್ಕಪಕ್ಕದ ಮನೆಗಳ ವೈಫೈ ಇರುವಲ್ಲಿ 20 ಮೆಗಾಹರ್ಟ್ಸ್ ಇಡುವುದೇ ಒಳಿತು. ಆಗ ಅದು 144 ಆಗುತ್ತದೆ, ನಿಜವಾಗಿ ಕೈಗೆ ಬರುವುದು ಅದರ ಅರ್ಧದಷ್ಟು. ಇದರಲ್ಲಿ ವಿಡಿಯೋ ಕರೆ, ಪಾಠ, ಸಿನಿಮಾ ಎಲ್ಲ ನಡೆಯುತ್ತವೆ. ದೊಡ್ಡ ಫೈಲ್ ಇಳಿಸಿಕೊಳ್ಳುವಾಗ ಮಾತ್ರ ಕಾಯಬೇಕು.

ಹಳೆಯ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮುಖ್ಯ ರೂಟರನ್ನು ಕಂಡುಹಿಡಿಯುವುದೇ ಇಲ್ಲ ಎಂದಾದರೆ ಎರಡು ಸಂಗತಿ ನೋಡಿ. ಮುಖ್ಯ ರೂಟರ್ 52ರಿಂದ 144ರವರೆಗಿನ ಚಾನೆಲ್ ಹಿಡಿದಿರಬಹುದು. ಅವು ರಾಡಾರ್‌ಗಳೊಂದಿಗೆ ಹಂಚಿಕೊಂಡ ಚಾನೆಲ್‌ಗಳು, ಅನೇಕ ಹಳೆಯ ರೂಟರ್‌ಗಳಿಗೆ ಅವು ತಿಳಿಯವು. ಮುಖ್ಯ ರೂಟರನ್ನು 36ರಿಂದ 48ರೊಳಗಿನ ಚಾನೆಲಿಗೆ ಕಟ್ಟಿಹಾಕಿ. ಇಲ್ಲವೇ ಅದು ಡಬ್ಲ್ಯೂಪಿಎ3 ಮಾತ್ರ ಒಪ್ಪುವಂತೆ ಇರಬಹುದು. ಆ ಭದ್ರತಾ ವಿಧಾನ ಬಂದದ್ದು 2018ರಲ್ಲಿ, ನಿಮ್ಮ ಹಳೆಯ ರೂಟರಿಗೆ ಅದರ ಪರಿಚಯವೇ ಇರಲಾರದು. ಡಬ್ಲ್ಯೂಪಿಎ2 ಮತ್ತು ಡಬ್ಲ್ಯೂಪಿಎ3 ಎರಡೂ ಸೇರಿದ ಆಯ್ಕೆ ಇಡಿ. ಎರಡೂ ಬ್ಯಾಂಡಿಗೆ ಒಂದೇ ಹೆಸರಿದ್ದರೆ ಸೇತುವೆ ಬೇಡದ ಬ್ಯಾಂಡಿಗೆ ಅಂಟಿಕೊಳ್ಳಬಹುದು. ಸಂಪರ್ಕಕ್ಕೆ ಬಳಸುವ ಬ್ಯಾಂಡಿಗೆ ಪ್ರತ್ಯೇಕ ಹೆಸರು ಕೊಡಿ.

ಈಗ ಜಾಗ. ಎಲ್ಲರೂ ಮಾಡುವಂತೆ ನೀವೂ ಸಿಗ್ನಲ್ ಇಲ್ಲದ ಕೋಣೆಯಲ್ಲೇ ರಿಪೀಟರ್ ಇಟ್ಟಿದ್ದೀರಿ. ಮೊಬೈಲಿನ ಗೆರೆಗಳು ತುಂಬಿದ್ದು ಮೊಬೈಲಿಗೂ ಪಕ್ಕದಲ್ಲಿದ್ದ ಹಳೆಯ ರೂಟರಿಗೂ ನಡುವಿನ ಸಿಗ್ನಲಿನಿಂದ. ಆ ರೂಟರಿಗೂ ಕೆಳಗಿನದಕ್ಕೂ ನಡುವಿನ ಕೊಂಡಿ ಮೊದಲಿನಷ್ಟೇ ದುರ್ಬಲವಾಗಿತ್ತು, ಗೆರೆಗಳು ಅದನ್ನು ತೋರಿಸುವುದೇ ಇಲ್ಲ. ಸೇತುವೆ ಇರಬೇಕಾದದ್ದು ಮುಖ್ಯ ರೂಟರಿನ ಸಿಗ್ನಲ್ ಇನ್ನೂ ಗಟ್ಟಿಯಾಗಿರುವ ನಡುದಾರಿಯಲ್ಲಿ. ಮೊಬೈಲಿನಲ್ಲಿ ಸಿಗ್ನಲ್ಲನ್ನು ಡಿಬಿಎಂ ಸಂಖ್ಯೆಯಲ್ಲಿ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡು ಮುಖ್ಯ ರೂಟರಿನಿಂದ ಮೆಟ್ಟಿಲೇರುತ್ತ ಹೋಗಿ. ಈ ಸಂಖ್ಯೆ ಋಣಾತ್ಮಕ, ಸೊನ್ನೆಗೆ ಹತ್ತಿರವಾದಷ್ಟೂ ಉತ್ತಮ. ಮೈನಸ್ 60ರಿಂದ 65ರೊಳಗಿನ ಜಾಗ ಸೇತುವೆಗೆ ಪ್ರಶಸ್ತ. ಮೈನಸ್ 70 ದಾಟಿದಲ್ಲಿ ಇಡಬೇಡಿ.

ಸಾಧಾರಣವಾಗಿ ಆ ಜಾಗ ಮೆಟ್ಟಿಲ ತಿರುವಿನಲ್ಲೋ ಮೇಲಿನ ಮೆಟ್ಟಿಲ ಬಾಯಲ್ಲೋ ಸಿಗುತ್ತದೆ, ಏಕೆಂದರೆ ಸಿಗ್ನಲ್ ಚಪ್ಪಡಿಗಿಂತ ಅಲ್ಲಿನ ತೆರಪಿನಲ್ಲಿ ಸಲೀಸಾಗಿ ಬರುತ್ತದೆ. ಕಬ್ಬಿಣದ ಕಪಾಟು, ದೊಡ್ಡ ಕನ್ನಡಿ, ನೀರಿನ ತೊಟ್ಟಿ, ಫ್ರಿಜ್ ಇವುಗಳ ಮರೆ ಬೇಡ. ಜಾಗ ಸಿಕ್ಕ ಮೇಲೆ ರೂಟರನ್ನು ಒಂದು ಗೇಣು ಅತ್ತಿತ್ತ ಸರಿಸಿ ಮತ್ತೆ ಅಳೆಯಿರಿ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5ರದ್ದು ಸುಮಾರು 6. ಗೋಡೆಗಳಿಂದ ಮರಳಿದ ಅಲೆಗಳು ಒಂದು ಬಿಂದುವಿನಲ್ಲಿ ಒಂದನ್ನೊಂದು ಅಳಿಸಿಹಾಕಿ, ಅಂಗೈಯಷ್ಟು ಆಚೆಗೆ ಒಂದಕ್ಕೊಂದು ಬಲ ಕೊಡುತ್ತಿರುತ್ತವೆ. ಆಂಟೆನಾ ನೆಟ್ಟಗೆ ನಿಂತಾಗ ಸಿಗ್ನಲ್ ಅಕ್ಕಪಕ್ಕಕ್ಕೆ ಹರಡುತ್ತದೆ, ನೇರ ಮೇಲಕ್ಕೆ ಹೋಗುವುದು ಕಡಿಮೆ. ಎರಡು ಆಂಟೆನಾ ಇದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ. ಡೆಸ್ಕ್‌ಟಾಪ್ ಅಲ್ಲಿಂದ ದೂರವಾದರೆ ಚಿಂತೆಯಿಲ್ಲ, ಸೇತುವೆಯಿಂದ ಅದರವರೆಗೆ ಮೇಲಂತಸ್ತಿನಲ್ಲೇ ಒಂದು ಉದ್ದ ಕೇಬಲ್ ಹಾಕಿ.

ನಿಮ್ಮಲ್ಲಿ ಎರಡು ಹಳೆಯ ರೂಟರ್‌ಗಳಿರುವುದರಿಂದ ಇನ್ನೊಂದು ಜೋಡಣೆಯೂ ಸಾಧ್ಯ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. 2.4 ಮಾತ್ರ ಇರುವುದನ್ನು ಕೆಳಗೆ ಮುಖ್ಯ ರೂಟರಿನ ಲ್ಯಾನ್ ಪೋರ್ಟಿಗೆ ಗಿಡ್ಡ ಕೇಬಲಿನಿಂದ ಜೋಡಿಸಿ. ಎರಡು ಬ್ಯಾಂಡಿನದನ್ನು ಮೇಲೆ ಇಡಿ. ಇವೆರಡರ ನಡುವೆ 2.4ರಲ್ಲಿ ಡಬ್ಲ್ಯೂಡಿಎಸ್ ಕೊಂಡಿ, ಮೇಲಿನ ಕೋಣೆಗೆ 5 ಗಿಗಾಹರ್ಟ್ಸ್ ವೈಫೈ. ಈಗ ಸೇತುವೆಯ ಎರಡೂ ತುದಿ ನಿಮ್ಮ ಕೈಯಲ್ಲಿದೆ, ಕಂಪನಿಯ ರೂಟರಿನಲ್ಲಿ ಯಾವ ಆಯ್ಕೆ ಇದೆ, ಯಾವುದು ಇಲ್ಲ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಕೆಳಗಿನ ಎರಡು ರೂಟರ್‌ಗಳನ್ನು ಸ್ವಲ್ಪ ದೂರವಿಟ್ಟು, ಮುಖ್ಯ ರೂಟರಿನ 2.4ಕ್ಕೆ ಚಾನೆಲ್ 1, ಸೇತುವೆಗೆ 11 ಎಂದು ಬೇರ್ಪಡಿಸಿ.

ಇದು ನಡೆಯಬೇಕಾದರೆ ಎರಡರ ತಂತ್ರಾಂಶವೂ ಹೊಂದಬೇಕು. ಒಂದೇ ಕಂಪನಿಯವಾದರೆ ಇರುವ ಫರ್ಮ್‌ವೇರಿನಲ್ಲೇ (ರೂಟರಿನೊಳಗಿನ ತಂತ್ರಾಂಶದಲ್ಲೇ) ಆಗಬಹುದು, ಇಲ್ಲದಿದ್ದರೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಬದಲಿ ಫರ್ಮ್‌ವೇರ್ ಇದೆ. 2002ರ ಕೊನೆಯಲ್ಲಿ ಬಂದ ಲಿಂಕ್ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ರೂಟರಿನ ಒಳಗೆ ಲಿನಕ್ಸ್ ಇತ್ತು. ಅದರ ಮುಕ್ತ ಪರವಾನಗಿಯ ಷರತ್ತಿನಂತೆ 2003ರಲ್ಲಿ ಮೂಲ ಸಂಕೇತ ಹೊರಬಂತು. ಆ ಬೇರಿನಿಂದ ಬೆಳೆದ ಯೋಜನೆ ಇದು, ತಯಾರಕರು ಕೈಬಿಟ್ಟ ಎಷ್ಟೋ ರೂಟರ್‌ಗಳಿಗೆ ಇಂದಿಗೂ ಜೀವ ಕೊಡುತ್ತಿದೆ. ಆದರೆ 4 ಎಂಬಿ ಫ್ಲ್ಯಾಶ್, 32 ಎಂಬಿ ರ್‍ಯಾಮ್ ಇರುವ ಬಹಳ ಹಳೆಯವುಗಳಲ್ಲಿ ಈಗಿನ ಆವೃತ್ತಿ ಹಿಡಿಸದು. 16 ಮತ್ತು 128 ಇದ್ದರೆ ನೆಮ್ಮದಿ. ರೂಟರಿನ ತಳದ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕದಲ್ಲಿರುವ ಆವೃತ್ತಿ ಸಂಖ್ಯೆಯನ್ನು ತಪ್ಪದೆ ನೋಡಿ. ಹೆಸರು ಒಂದೇ ಇದ್ದು ಆವೃತ್ತಿ 1ಕ್ಕೂ 2ಕ್ಕೂ ಒಳಗಿನ ಚಿಪ್ಪೇ ಬೇರೆ ಇರುವುದುಂಟು, ತಪ್ಪು ಫೈಲ್ ಹಾಕಿದರೆ ರೂಟರ್ ಮತ್ತೆ ಏಳಲಿಕ್ಕಿಲ್ಲ. ಫರ್ಮ್‌ವೇರ್ ಹಾಕುವಾಗ ಕೇಬಲಿನಲ್ಲೇ ಹಾಕಿ, ಮುಗಿಯುವವರೆಗೆ ವಿದ್ಯುತ್ ಹೋಗದಂತೆ ನೋಡಿಕೊಳ್ಳಿ.

ಭದ್ರತೆಯಲ್ಲಿ ನಾನು ರಾಜಿಗೆ ಒಪ್ಪುವುದಿಲ್ಲ. ಡಬ್ಲ್ಯೂಇಪಿ ಎಂಬ ಹಳೆಯ, ದುರ್ಬಲ ಭದ್ರತೆ ಮಾತ್ರ ಇರುವ ರೂಟರಿನ ರೇಡಿಯೋ ಬಂದ್ ಮಾಡಿ, ಅದನ್ನು ಕೇಬಲ್ ಸ್ವಿಚ್ಚಾಗಿ ಮಾತ್ರ ಬಳಸಿ. ಡಬ್ಲ್ಯೂಪಿಎ2 ಜೊತೆ ಎಇಎಸ್ ಎಂಬ ಗೂಢಲಿಪಿ ವಿಧಾನ ಆರಿಸಿ. ಅದರ ಬದಲು ಹಳೆಯ ವಿಧಾನವಾದ ಟಿಕೆಐಪಿ ಆರಿಸಿದರೆ ಭದ್ರತೆಯೂ ಕುಂದುತ್ತದೆ, ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ. 2017ರಲ್ಲಿ ಹೊರಬಿದ್ದ ಕ್ರ್ಯಾಕ್ ಎಂಬ ದೋಷ ಮುಖ್ಯವಾಗಿ ಜಾಲಕ್ಕೆ ಸೇರುವ ಸಾಧನಗಳ ಕಡೆಯದು. ಸೇತುವೆಯಾದ ರೂಟರ್ ಹಾಗೆ ಸೇರುವ ಸಾಧನವೇ ಆದ್ದರಿಂದ, ಅದರ ಫರ್ಮ್‌ವೇರ್ ಆ ನಂತರದ್ದೇ ಎಂದು ಖಚಿತಪಡಿಸಿಕೊಳ್ಳಿ.

ಕಾರಣವಿಲ್ಲದೆ ರೂಟರ್ ಆಗಾಗ ತಾನಾಗಿ ಮತ್ತೆ ಶುರುವಾಗುತ್ತಿದ್ದರೆ ಸೆಟ್ಟಿಂಗ್ ಕೆದಕುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ. ಅದರೊಳಗಿನ ಕೆಪ್ಯಾಸಿಟರ್‌ಗಳು ವರ್ಷಗಳಲ್ಲಿ ಸೊರಗಿ, ರೇಡಿಯೋಗೆ ಹೆಚ್ಚು ವಿದ್ಯುತ್ ಬೇಕಾದ ಹೊತ್ತಿಗೆ ವೋಲ್ಟೇಜ್ ಕುಸಿಯುತ್ತದೆ. ಬದಲಿ ಅಡಾಪ್ಟರಿನ ವೋಲ್ಟ್ ಮತ್ತು ಪಿನ್ನಿನ ಧ್ರುವ ಹಳೆಯದರಂತೆಯೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು. ಕಪಾಟಿನಲ್ಲಿ ಸಿಕ್ಕಿದ 12 ವೋಲ್ಟಿನ ಅಡಾಪ್ಟರನ್ನು 9 ವೋಲ್ಟಿನ ರೂಟರಿಗೆ ಸಿಕ್ಕಿಸಬೇಡಿ, ಪಿನ್ ಸರಿಹೊಂದಿದರೂ ರೂಟರ್ ಸುಡಬಹುದು.

ನಿಸ್ತಂತು ಕೊಂಡಿ ನಡೆಯುತ್ತಿರುವಾಗ ಅದೇ ಎರಡು ಪೆಟ್ಟಿಗೆಗಳ ನಡುವೆ ಪರೀಕ್ಷೆಗೆಂದೂ ಕೇಬಲ್ ಹಾಕಬೇಡಿ. ಪ್ಯಾಕೆಟ್‌ಗಳು ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ ಸುತ್ತುತ್ತಲೇ ಇರುತ್ತವೆ. ಪೋರ್ಟುಗಳ ದೀಪಗಳೆಲ್ಲ ಒಟ್ಟಿಗೆ ಬಿಡುವಿಲ್ಲದೆ ಮಿಟುಕಿ ಮನೆಯ ಜಾಲವೇ ಸ್ತಬ್ಧವಾಗುತ್ತದೆ. ಕೇಬಲ್ ತೆಗೆದ ತಕ್ಷಣ ಎಲ್ಲವೂ ಮಾಮೂಲಿಗೆ ಮರಳುತ್ತದೆ.

ಮಹಡಿಗೆ ಹೋದ ಮೇಲೂ ಮೊಬೈಲ್ ಕೆಳಗಿನ ರೂಟರಿಗೇ ಜೋತುಬಿದ್ದರೆ ಅದು ಸೇತುವೆಯ ದೋಷವಲ್ಲ. ಯಾವುದಕ್ಕೆ ಅಂಟಿಕೊಳ್ಳಬೇಕೆಂದು ನಿರ್ಧರಿಸುವುದು ಮೊಬೈಲೇ. ಕೆಳಗಿನದರ ಪ್ರಸಾರ ಶಕ್ತಿಯನ್ನು ತುಸು ತಗ್ಗಿಸಿದರೆ ಅದು ಬೇಗ ಕೈಬಿಡುತ್ತದೆ, ಆದರೆ ಸೇತುವೆಗೆ ಬಳಸುವ ಬ್ಯಾಂಡಿನಲ್ಲಿ ತಗ್ಗಿಸಬೇಡಿ.

ಎಲ್ಲ ಜೋಡಿಸಿದ ಮೇಲೆ ಮೇಲಿನ ಡೆಸ್ಕ್‌ಟಾಪಿನಿಂದ ಮುಖ್ಯ ರೂಟರಿನ ವಿಳಾಸಕ್ಕೆ ಪಿಂಗ್ ಆಜ್ಞೆಯನ್ನು ಕೆಲವು ನಿಮಿಷ ಓಡಿಸಿ. ಉತ್ತರಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಒಂದೇ ಸಮ ಬರುತ್ತಿದ್ದರೆ ಕೊಂಡಿ ಆರೋಗ್ಯವಾಗಿದೆ. ನಡುನಡುವೆ ನೂರಾರು ಮಿಲಿಸೆಕೆಂಡಿಗೆ ಜಿಗಿದರೆ ಅಥವಾ ಉತ್ತರವೇ ತಪ್ಪಿದರೆ ಇಂಟರ್‌ನೆಟ್ ಕಂಪನಿಗೆ ದೂರು ಕೊಡುವ ಮುನ್ನ ಸೇತುವೆಯ ಜಾಗ ಬದಲಿಸಿ. ನಡುದಾರಿಯ ಯಾವ ಜಾಗದಲ್ಲೂ ಮೈನಸ್ 70ಕ್ಕಿಂತ ಉತ್ತಮ ಸಂಖ್ಯೆ ಸಿಗದಿದ್ದರೆ ಯಾವ ಸೆಟ್ಟಿಂಗೂ ಅದನ್ನು ಸರಿಪಡಿಸದು. ಆಗ ಕೇಬಲ್ ಎಳೆಸಿ, ಅದರ ತುದಿಗೆ ನಿಮ್ಮ ಎರಡು ಬ್ಯಾಂಡಿನ ಹಳೆಯ ರೂಟರನ್ನೇ ಜೋಡಿಸಿ.